ತಿದ್ದುವ ಮೊದಲು

ಇನ್ಯಾರೋ ಬರೆದ ಸಾವಿರಾರು ಸಾಲುಗಳ ಸೋರ್ಸ್ ಕೋಡ್ ಕೈಗೆ ಬಂದಾಗ ಪ್ರೋಗ್ರಾಮರುಗಳು ಮೊದಲು ಕೇಳುವುದು ‘ಯಾವ ಎಡಿಟರ್ ಒಳ್ಳೆಯದು?’ ಎಂದು. ಒಬ್ಬರು ವಿಮ್ ಎನ್ನುತ್ತಾರೆ, ಇನ್ನೊಬ್ಬರು ವಿಎಸ್ ಕೋಡ್. ವಾದವೆಲ್ಲ ವೇಗ ಮತ್ತು ಅನುಕೂಲದ ಸುತ್ತ. ನನಗೆ ಇದರೊಳಗೆ ಒಂದು ನೈತಿಕ ಪ್ರಶ್ನೆಯೂ ಕಾಣುತ್ತದೆ: ಪೂರ್ತಿ ಅರ್ಥವಾಗದ್ದನ್ನು ತಿದ್ದುವ ಹಕ್ಕು ನಮಗೆ ಎಷ್ಟಿದೆ?

2006ರಲ್ಲಿ ನಡೆದದ್ದನ್ನು ನೋಡಿ. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಗಾಗಿ ಓಪನ್ಎಸ್ಎಸ್ಎಲ್ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರಿಗೆ ಒಂದು ತಲೆನೋವು ಎದುರಾಯಿತು. ಗುಪ್ತ ಕೀಲಿಗಳನ್ನು ತಯಾರಿಸುವ ಈ ತಂತ್ರಾಂಶ, ಇನ್ನೂ ಏನನ್ನೂ ತುಂಬದ ಮೆಮೊರಿಯನ್ನು ಓದುತ್ತಿದೆ ಎಂದು ವಾಲ್‌ಗ್ರಿಂಡ್ ಎಂಬ ಪರೀಕ್ಷಾ ಸಲಕರಣೆ ಎಚ್ಚರಿಸುತ್ತಿತ್ತು. ಕಾರಣವೆಂದು ಕಂಡ ಸಾಲು ಎರಡು ಕಡೆ ಒಂದೇ ರೂಪದಲ್ಲಿತ್ತು. ಒಂದು ಕಡೆ ಅದನ್ನು ತೆಗೆದರೆ ದೊಡ್ಡ ನಷ್ಟವಿರಲಿಲ್ಲ. ಇನ್ನೊಂದು ಕಡೆ, ಕೀಲಿಗೆ ಬೇಕಾದ ಊಹೆಗೆ ನಿಲುಕದ ಅಂಶ ಒಳಗೆ ಸೇರುತ್ತಿದ್ದದ್ದೇ ಆ ಸಾಲಿನಿಂದ. ಎರಡನ್ನೂ ತೆಗೆದರು. ಆಮೇಲೆ ಒಂದೊಂದು ಬಗೆಯ ಕೀಲಿಗೆ ಉಳಿದದ್ದು ಸುಮಾರು 32 ಸಾವಿರ ಸಾಧ್ಯತೆಗಳು ಮಾತ್ರ. ಕಂಪ್ಯೂಟರ್ ಅವನ್ನೆಲ್ಲ ಒಂದೊಂದಾಗಿ ಹಾಕಿ ನೋಡಬಹುದಿತ್ತು. ದೋಷ ಬಯಲಾದದ್ದು 2008ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ತಯಾರಾಗಿದ್ದ ಕೀಲಿಗಳನ್ನು ಬಿಸಾಡಿ ಹೊಸದಾಗಿ ಮಾಡಿಕೊಳ್ಳಬೇಕಾಯಿತು.

ತೆಗೆದವರದು ಉಡಾಫೆಯಲ್ಲ. ಓಪನ್ಎಸ್ಎಸ್ಎಲ್ ಬಳಗವನ್ನು ಮೊದಲೇ ಕೇಳಿದ್ದರು. ತೆಗೆಯಬಹುದು ಎಂಬ ಧಾಟಿಯ ಉತ್ತರವೂ ಬಂದಿತ್ತು. ಸಲಕರಣೆಯೂ ಸುಳ್ಳು ಹೇಳಿರಲಿಲ್ಲ. ಆದರೆ ಅದು ಹೇಳಿದ್ದು ‘ಇಲ್ಲಿ ಅನುಮಾನವಿದೆ’ ಎಂದಷ್ಟೇ. ‘ಇದನ್ನು ನೆಚ್ಚಿಕೊಂಡವರು ಯಾರು?’ ಎಂಬುದು ಅದರ ಪ್ರಶ್ನೆಯೇ ಆಗಿರಲಿಲ್ಲ.

ಒಂದೊಂದು ಸಲಕರಣೆ ಒಂದೊಂದು ಪ್ರಶ್ನೆಗೆ ಉತ್ತರಿಸುತ್ತದೆ. ಗ್ರೆಪ್, ಒಂದು ಪದ ಎಲ್ಲೆಲ್ಲಿ ಇದೆ ಎಂದು ತೋರಿಸುತ್ತದೆ; ಅಕ್ಷರ ಒಂದೇ ಆದರೆ ಅರ್ಥವೂ ಒಂದೇ ಎಂದು ನಾವು ನಂಬಿಬಿಡುವ ಅಪಾಯ ಅಲ್ಲಿದೆ. ಸಿಟ್ಯಾಗ್ಸ್, ಒಂದು ಫಂಕ್ಷನ್ ಬರೆದಿರುವ ಜಾಗಕ್ಕೆ ಒಯ್ಯುತ್ತದೆ. ಸಿಸ್ಕೋಪ್, ಅದನ್ನು ಯಾವ ಯಾವ ಫಂಕ್ಷನ್‌ಗಳು ಕರೆಯುತ್ತವೆ ಎಂದು ಪಟ್ಟಿ ಕೊಡುತ್ತದೆ. ಗಿಟ್ ಬ್ಲೇಮ್, ಆ ಸಾಲನ್ನು ಕೊನೆಗೆ ಮುಟ್ಟಿದವರು ಯಾರು, ಯಾವಾಗ ಎಂದು ಹೇಳುತ್ತದೆ. 2016ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಲ್ಯಾಂಗ್ವೇಜ್ ಸರ್ವರ್ ಪ್ರೋಟೊಕಾಲ್‌ನಿಂದಾಗಿ, ಕರೆಯುವವರನ್ನು ಹುಡುಕುವ ಸೌಲಭ್ಯ ಇಂದು ಹಲವು ಎಡಿಟರ್‌ಗಳಲ್ಲಿದೆ. ನೂರು ಫೈಲುಗಳಲ್ಲಿ ಒಂದು ಹೆಸರನ್ನು ಒಂದೇ ಏಟಿಗೆ ಬದಲಿಸುವ ಸೌಲಭ್ಯವೂ ಅದರ ಪಕ್ಕದಲ್ಲೇ ಇದೆ. ಬೆರಳು ಮೊದಲು ಯಾವುದರ ಕಡೆ ಹೋಗುತ್ತದೆ ಎಂಬುದು ನಮ್ಮ ಸ್ವಭಾವದ ಮಾತು.

ಎಲ್ಲ ಅರ್ಥವಾಗುವ ತನಕ ಕಾಯುತ್ತ ಕೂತರೆ ಯಾವ ದೋಷವೂ ಸರಿಯಾಗುವುದಿಲ್ಲ ಎನ್ನಬಹುದು. ನಿಜ. ಎಲ್ಲವನ್ನೂ ತಿಳಿಯಬೇಕಿಲ್ಲ, ನಾನು ತಪ್ಪಿದರೆ ಪೆಟ್ಟು ಬೀಳುವುದು ಯಾರಿಗೆ ಎಂದು ತಿಳಿದರೆ ಸಾಕು. ಡೆಬಿಯನ್ ಪ್ರಕರಣದಲ್ಲಿ ಪೆಟ್ಟು ತಿಂದವರು ಆ ಸಾಲನ್ನು ಎಂದೂ ಕಂಡವರಲ್ಲ.

ಹಾಗಾಗಿ ಯಾವ ಎಡಿಟರ್ ಎಂದು ಕೇಳುವ ಹೊಸಬರಿಗೆ ನನ್ನ ಉತ್ತರ ಇಷ್ಟೇ: ಬೇಗ ತಿದ್ದಿಸುವುದಕ್ಕಿಂತ, ಈ ಸಾಲಿನ ಆಸರೆಯಲ್ಲಿ ಏನೇನು ನಿಂತಿದೆ ಎಂದು ಬೇಗ ತೋರಿಸುವುದನ್ನು ಆರಿಸಿಕೊಳ್ಳಿ. ಆಮೇಲೆ ಧೈರ್ಯವಾಗಿ ತಿದ್ದಿ.