ಉಪನಗರದ ಸೈಕಲ್ ಮತ್ತು ಹಿಂಸೆಯ ಪ್ರಶ್ನೆ

ಶಾಲೆ, ತರಕಾರಿ ಅಂಗಡಿ, ರೈಲು ನಿಲ್ದಾಣ, ನೆಂಟರ ಮನೆ ಎಲ್ಲಕ್ಕೂ ಸೈಕಲ್ಲಿನಲ್ಲೇ ಹೋಗಿಬರುವ ಉಪನಗರದ ಕುಟುಂಬವನ್ನು ಜನ ಸಾಮಾನ್ಯವಾಗಿ ಆರೋಗ್ಯ, ಖರ್ಚು, ಪರಿಸರ ಎಂಬ ಮೂರು ಲೆಕ್ಕಗಳಲ್ಲಿ ಅಳೆಯುತ್ತಾರೆ. ನೀತಿಶಾಸ್ತ್ರಕ್ಕೆ ಸೇರಿದ ನಾಲ್ಕನೆಯ ಲೆಕ್ಕವೊಂದೂ ಇದೆ. ಮನುಷ್ಯ ಎಷ್ಟು ವೇಗವಾಗಿ ಸಾಗಬೇಕೆಂಬುದು ಅವನೊಬ್ಬನ ವಿಚಾರವೇ, ಇಲ್ಲಾ ಆ ವೇಗದ ಹಾದಿಯಲ್ಲಿ ಎದುರಾಗುವವರಿಗೂ ಅದರಲ್ಲಿ ಹಕ್ಕಿನ ಮಾತಿದೆಯೇ? ಉಪನಗರದಲ್ಲಿ ಈ ಪ್ರಶ್ನೆಗೆ ಮೊನಚು ಹೆಚ್ಚು. ದೂರ ಹೋಗುವವರ ಅವಸರವೂ ಮನೆ ಮುಂದೆ ಆಡುವ ಮಕ್ಕಳೂ ಒಂದೇ ಬೀದಿಯನ್ನು ಹಂಚಿಕೊಳ್ಳಬೇಕಾದ ಜಾಗ ಅದು.

ನಡಿಗೆಯನ್ನೇ ಧರ್ಮದ ವಿಷಯವಾಗಿ ಎತ್ತಿಕೊಂಡವರು ಜೈನರು. ಉಮಾಸ್ವಾತಿಯ ತತ್ತ್ವಾರ್ಥಸೂತ್ರ ಹೇಳುವ ಐದು ಸಮಿತಿಗಳಲ್ಲಿ (ಎಚ್ಚರದ ನಿಯಮಗಳಲ್ಲಿ) ಮೊದಲನೆಯದು ಈರ್ಯಾ ಸಮಿತಿ, ಅಂದರೆ ಎಚ್ಚರದ ನಡೆ. ಮುನಿಯಾದವನು ಹಗಲು ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳದಷ್ಟು ನೆಲವನ್ನು ನೋಡಿಕೊಂಡು ಹೆಜ್ಜೆ ಇಡಬೇಕು. ಶ್ರವಣಬೆಳಗೊಳಕ್ಕೆ ನೂರಾರು ಮೈಲಿ ಕಾಲ್ನಡಿಗೆಯ ವಿಹಾರ ಮಾಡಿಕೊಂಡು ಬರುವ ದಿಗಂಬರ ಮುನಿಗಳು ವಾಹನ ಹತ್ತದಿರುವುದಕ್ಕೆ ಮೈದಂಡನೆಯಷ್ಟೇ ಕಾರಣವಲ್ಲ. ಕಣ್ಣು ಕಾಣುವುದಕ್ಕಿಂತ ವೇಗವಾಗಿ ಕಾಲು ಹೋಗಬಾರದು ಎಂಬ ವಿವೇಕವೂ ಅದರಲ್ಲಿದೆ. ಇದರ ಹಿಂದೆ ಹಿಂಸೆಯ ಬಹಳ ಖಚಿತವಾದ ವ್ಯಾಖ್ಯೆಯಿದೆ. ಪ್ರಾಣ ಹೋಯಿತು ಎಂಬುದಷ್ಟೇ ಹಿಂಸೆಯಲ್ಲ. ಪ್ರಮಾದದಿಂದ, ಎಂದರೆ ಎಚ್ಚರಗೇಡಿತನದಿಂದ, ಪ್ರಾಣ ಹೋಗುವಂತೆ ಮಾಡುವುದು ಹಿಂಸೆ. ಕುಂದಕುಂದಾಚಾರ್ಯರು ಪ್ರವಚನಸಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಜೀವಿ ಸಾಯಲಿ, ಬದುಕಲಿ, ಎಚ್ಚರವಿಲ್ಲದೆ ನಡೆದವನಿಗೆ ಹಿಂಸೆಯ ದೋಷ ತಪ್ಪಿದ್ದಲ್ಲ. ಸಮಿತಿಯಿಂದ ನಡೆದವನಿಗೆ ಬರಿಯ ಜೀವಹಾನಿಯಿಂದ ಕರ್ಮಬಂಧವಿಲ್ಲ.

ಈ ನಿಯಮ ಮುನಿಗಳಿಗೆ ಹೇಳಿದ್ದು. ಗೃಹಸ್ಥರ ಅಣುವ್ರತ, ಅಂದರೆ ಕಿರುವ್ರತ, ಇಷ್ಟು ಬಿಗಿಯಾದುದಲ್ಲ. ಆದರೂ ಅದರ ತರ್ಕ ಇಂದಿನ ರಸ್ತೆಗೆ ಚೆನ್ನಾಗಿ ಹೊಂದುತ್ತದೆ. ಎಚ್ಚರ ಕೇವಲ ಮನಸ್ಸಿನ ಗುಣವಲ್ಲ, ಅದಕ್ಕೆ ದೇಹದ ಮಿತಿಯೂ ಇದೆ. ಅಡ್ಡ ಬಂದ ಮಗುವನ್ನು ಕಂಡು ಬ್ರೇಕ್ ಒತ್ತಲು ಒಂದು ಸೆಕೆಂಡು ಬೇಕೆಂದುಕೊಂಡರೆ, ಗಂಟೆಗೆ 15 ಕಿ.ಮೀ. ವೇಗದ ಸೈಕಲ್ ಅಷ್ಟರಲ್ಲಿ ನಾಲ್ಕು ಮೀಟರು ಸಾಗಿರುತ್ತದೆ, 50 ಕಿ.ಮೀ. ವೇಗದ ಕಾರು ಸುಮಾರು ಹದಿನಾಲ್ಕು ಮೀಟರು ದಾಟಿರುತ್ತದೆ. ಡಿಕ್ಕಿಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಸವಾರನೂ ಸೇರಿ 85 ಕೆ.ಜಿ. ತೂಗುವ ಸೈಕಲ್ಲಿಗೂ 1,300 ಕೆ.ಜಿ.ಯ ಕಾರಿಗೂ ಈ ವೇಗಗಳಲ್ಲಿ ಲೆಕ್ಕ ಹಾಕಿದರೆ ಕಾರು ಹೊತ್ತು ತರುವ ಶಕ್ತಿ ಸುಮಾರು 170 ಪಟ್ಟು. ಚಾಲಕ ಸಾತ್ವಿಕನೇ ಇರಬಹುದು. ಮಕ್ಕಳು ಓಡಾಡುವ ಬೀದಿಯಲ್ಲಿ ಆ ವೇಗವನ್ನು ಆರಿಸಿಕೊಂಡ ಗಳಿಗೆಯಲ್ಲೇ ಅವನು ಎಚ್ಚರದಿಂದಿರುವ ಶಕ್ತಿಯನ್ನು ಬಿಟ್ಟುಕೊಟ್ಟಿರುತ್ತಾನೆ. ಅವತ್ತು ಯಾರಿಗೂ ಏನೂ ಆಗದಿದ್ದರೂ ಕುಂದಕುಂದರ ಅಳತೆಯಲ್ಲಿ ಅದು ಪ್ರಮಾದವೇ.

ಇದೇ ಪ್ರಶ್ನೆಗೆ ಪಶ್ಚಿಮದಲ್ಲಿ ಬೇರೊಂದು ದಿಕ್ಕಿನಿಂದ ಬಂದವರು ಇವಾನ್ ಇಲಿಚ್ (1926–2002). ವಿಯೆನ್ನಾದಲ್ಲಿ ಹುಟ್ಟಿದ ಇವರು ಕ್ಯಾಥೊಲಿಕ್ ಪಾದ್ರಿಯಾಗಿದ್ದು, ಮೆಕ್ಸಿಕೋದಲ್ಲಿ ನೆಲೆಸಿ, ಮುಂದೆ ಆ ವೃತ್ತಿಯಿಂದ ಹೊರಬಂದವರು. ಶಕ್ತಿ ಮತ್ತು ಸಮಾನತೆಯನ್ನು ಕುರಿತು 1973ರಲ್ಲಿ ಅವರು ಬರೆದ ಪ್ರಬಂಧ ಅಹಿಂಸೆಗಿಂತ ನ್ಯಾಯವನ್ನು ಮುಂದಿಡುತ್ತದೆ. ಅಮೆರಿಕದ ಸಾಮಾನ್ಯ ಪುರುಷ ಕಾರು ಓಡಿಸಲು, ನಿಲ್ಲಿಸಲು, ಅದರ ಕಂತು ಮತ್ತು ಪೆಟ್ರೋಲಿನ ಹಣ ದುಡಿಯಲು ವರ್ಷಕ್ಕೆ 1,600 ಗಂಟೆಗಿಂತ ಹೆಚ್ಚು ಕಳೆಯುತ್ತಾನೆ, ಸಾಗುವುದು 7,500 ಮೈಲಿ. ಹಾಗಾಗಿ ಅವನ ನಿಜವಾದ ವೇಗ ಗಂಟೆಗೆ ಐದು ಮೈಲಿಯೂ ಇಲ್ಲ ಎಂಬುದು ಅವರ ಪ್ರಸಿದ್ಧ ಲೆಕ್ಕ. ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿ.ಮೀ. ದಾಟಿದ ಸಾರಿಗೆ, ಕೆಲವರ ಸಮಯ ಉಳಿಸಲು ಉಳಿದವರ ಸಮಯವನ್ನೂ ಜಾಗವನ್ನೂ ಕಸಿಯುತ್ತದೆ ಎಂದು ಅವರು ವಾದಿಸಿದರು. ವಾಹನವೇ ದೂರವನ್ನು ಹುಟ್ಟಿಸಿ, ಅದನ್ನು ದಾಟಲು ಮತ್ತೆ ತನ್ನನ್ನೇ ಆಶ್ರಯಿಸುವಂತೆ ಮಾಡುತ್ತದೆ ಎಂಬ ಅವರ ಮಾತಿಗೆ ಉಪನಗರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಆದರೆ ಆ ಗಡಿಯನ್ನು ಎಲ್ಲ ಸಾರಿಗೆಗೂ ಹಾಕಬೇಕೆಂಬ ಅವರ ನಿಲುವು ಅತಿಯಾಯಿತು. ರೈಲನ್ನೂ ಸೈಕಲ್ಲಿನ ವೇಗಕ್ಕೆ ಇಳಿಸಿದರೆ ದೂರದ ಊರಿನಲ್ಲಿ ಕೆಲಸವಿರುವ ಬಡವನೇ ಮೊದಲು ನಷ್ಟಪಡುತ್ತಾನೆ.

ನೆದರ್‌ಲ್ಯಾಂಡ್ಸ್ ವೇಗಕ್ಕೆ ಕಡಿವಾಣ ಬೇಕೆಂಬ ಈ ತರ್ಕವನ್ನು ಪುಸ್ತಕದಿಂದ ಕಲಿಯಲಿಲ್ಲ, ಸಾವುಗಳಿಂದ ಕಲಿಯಿತು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು. ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಪತ್ರಕರ್ತ ವಿಕ್ ಲಾಂಗನ್‌ಹಾಫ್ 1972ರಲ್ಲಿ ಬರೆದ ಲೇಖನದ ಶೀರ್ಷಿಕೆ ‘ಮಕ್ಕಳ ಕೊಲೆ ನಿಲ್ಲಿಸಿ’ ಎಂದಿತ್ತು. ಅದೇ ಹೆಸರಿನ ಚಳವಳಿಯೂ ಹುಟ್ಟಿತು. ಅಪಘಾತ ಎನ್ನುತ್ತಿದ್ದುದನ್ನು ಕೊಲೆ ಎಂದು ಕರೆದದ್ದು ಸಿಟ್ಟಿನ ಅತಿಶಯೋಕ್ತಿಯಂತೆ ಕೇಳಬಹುದು. ಸಾವು ಬರುತ್ತದೆಂದು ಗೊತ್ತಿದ್ದೂ ಬೀದಿಯನ್ನು ಹಾಗೆಯೇ ಬಿಡುವ ಸಮಾಜ ಪ್ರಮಾದದಲ್ಲಿದೆ ಎಂಬುದು ಅದರೊಳಗಿನ ವಾದ, ಮತ್ತು ಆ ವಾದ ಸರಿಯಾದುದು.

ಉಟ್ರೆಕ್ಟ್ ನಗರದ ಆಗ್ನೇಯಕ್ಕಿರುವ ಹೌಟನ್ ಎಂಬ ಉಪನಗರ ಈ ವಾದಕ್ಕೆ ನೆಲದ ಮೇಲೆ ಸಿಕ್ಕ ರೂಪ. 1960ರ ದಶಕದಲ್ಲಿ ಕೆಲವು ಸಾವಿರ ಜನರ ಹಳ್ಳಿಯಾಗಿದ್ದ ಆ ಊರಿನಲ್ಲಿ ಇಂದು ಸುಮಾರು 50,000 ಜನರಿದ್ದಾರೆ. ವಾಸ್ತುಶಿಲ್ಪಿ ರಾಬ್ ಡೆರ್ಕ್ಸ್ ರೂಪಿಸಿದ ಯೋಜನೆಯಲ್ಲಿ ಊರಿನ ಸುತ್ತ ವರ್ತುಲ ರಸ್ತೆಯಿದೆ, ನಡುವೆ ರೈಲು ನಿಲ್ದಾಣವಿದೆ. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗುವವರು ಸಾಮಾನ್ಯವಾಗಿ ವರ್ತುಲ ರಸ್ತೆಗೆ ಹೊರಟು ಸುತ್ತಿ ಬರಬೇಕು. ಸೈಕಲ್ಲಿಗೆ ಊರ ನಡುವಿನ ಹಸಿರು ದಾರಿಗಳಲ್ಲಿ ನೇರ ಹಾದಿ. ಶಾಲೆಗಳೂ ಆ ದಾರಿಗಳ ಬದಿಯಲ್ಲೇ ಇವೆ. ಇಲಿಚ್ ಬಯಸಿದಂತೆ ವೇಗವನ್ನು ಇಲ್ಲಿ ರದ್ದು ಮಾಡಿಲ್ಲ, ಅದಕ್ಕೆ ಬೇರೆ ಜಾಗ ಕೊಟ್ಟಿದ್ದಾರೆ. ಮುನಿಗೆ ವ್ರತವಾಗಿದ್ದ ಎಚ್ಚರವನ್ನು ಇಲ್ಲಿ ಬೀದಿಯೇ ವಹಿಸಿಕೊಂಡಿದೆ. ವ್ರತ ಹಿಡಿಯದ ಲಕ್ಷಾಂತರ ಜನರಿಂದ ಅಹಿಂಸೆಯನ್ನು ನಿರೀಕ್ಷಿಸಲು ಬೇರೆ ದಾರಿ ಇದ್ದಂತಿಲ್ಲ.

ಕುಟುಂಬದ ಮಟ್ಟದಲ್ಲಿ ಇಂಥ ಬೀದಿಯ ಫಲ ಮಗುವಿನ ಸ್ವಾತಂತ್ರ್ಯ. ಡಚ್ ಮಗು ಮೊದಲು ತಾಯಿಯ ಹ್ಯಾಂಡಲ್ ಬಳಿಯ ಪುಟ್ಟ ಸೀಟಿನಲ್ಲಿ, ಇಲ್ಲವೇ ಮುಂದೆ ಮರದ ಪೆಟ್ಟಿಗೆಯಿರುವ ಸೈಕಲ್ಲಿನಲ್ಲಿ ಕೂರುತ್ತದೆ. ಆಮೇಲೆ ಹಿಂದಿನ ಸೀಟು. ಮುಂದೆ ತನ್ನದೇ ಸೈಕಲ್ಲಿನಲ್ಲಿ ಅಪ್ಪನ ಪಕ್ಕ ಹೊರಡುತ್ತದೆ, ಅಪ್ಪನ ಒಂದು ಕೈ ಅದರ ಬೆನ್ನ ಮೇಲಿರುತ್ತದೆ. ಪ್ರಾಥಮಿಕ ಶಾಲೆಯ ಕೊನೆಯ ವರ್ಷಗಳಲ್ಲಿ ಸಂಚಾರ ಪರೀಕ್ಷೆ ಬರೆದು, ರಸ್ತೆಯಲ್ಲಿ ಸೈಕಲ್ ಓಡಿಸಿ ತೋರಿಸುತ್ತದೆ. ಕಾರನ್ನೇ ನಂಬಿದ ಉಪನಗರದಲ್ಲಿ ಈ ಮೆಟ್ಟಿಲುಗಳಿಲ್ಲ. ಹದಿನೆಂಟು ತುಂಬಿ ಲೈಸೆನ್ಸ್ ಸಿಗುವವರೆಗೆ ಮಗುವನ್ನು ಯಾರಾದರೂ ಬಿಟ್ಟುಬರಬೇಕು, ಕರೆತರಬೇಕು. ಕಾಪಾಡುವುದು ಹೆತ್ತವರ ಧರ್ಮವಾದರೆ ಕೈ ತೆಗೆಯುವುದೂ ಅವರ ಧರ್ಮವೇ. ಎರಡನೆಯದು ನಡೆಯಲು ಕೈ ತೆಗೆಯಬಹುದಾದ ಬೀದಿ ಬೇಕು. ಕರ್ನಾಟಕ ಸರ್ಕಾರ 2006–07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ತೊಡಗಿದಾಗಲೂ ಒಂದು ಆಶಯ ಇದೇ ಆಗಿತ್ತು: ಹೈಸ್ಕೂಲು ದೂರವಿದ್ದರೂ ಹುಡುಗಿ ಯಾರನ್ನೂ ಕಾಯದೆ ಹೋಗಿಬರಲಿ ಎಂಬುದು. ಸೈಕಲ್ ಕೊಟ್ಟಷ್ಟು ಸುಲಭವಾಗಿ ರಸ್ತೆಯನ್ನು ಕೊಡಲಾಗಲಿಲ್ಲ.

ಆಕ್ಷೇಪಗಳಿವೆ. ಕಾರನ್ನು ಸುತ್ತುಹಾದಿಗೆ ಕಳಿಸುವುದು ಸ್ವಾತಂತ್ರ್ಯಹರಣ ಎಂಬುದು ಒಂದು. ಇನ್ನೊಬ್ಬರ ಮಗುವನ್ನು ಮನೆಯೊಳಗೆ ಕೂಡಿಹಾಕಿ ಪಡೆದ ಸ್ವಾತಂತ್ರ್ಯ ಅದು ಎಂಬ ಉತ್ತರ ಇದಕ್ಕೆ ಸಾಕು. ಮುದುಕರು, ಅಂಗವಿಕಲರು, ಭಾರ ಹೊರುವವರು ಏನು ಮಾಡಬೇಕೆಂಬ ಎರಡನೆಯ ಆಕ್ಷೇಪ ಗಟ್ಟಿಯಾದುದು. ಅವರಿಗೆ ಕಾರು ಬೇಕು, ಹೌಟನ್ನಿನಲ್ಲೂ ಕಾರು ಮನೆ ಬಾಗಿಲವರೆಗೆ ಬರುತ್ತದೆ. ಸೈಕಲ್ ಪೂರ್ತಿ ಅಪಾಯವಿಲ್ಲದ್ದೂ ಅಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ ರಸ್ತೆ ಸಾವು ಈಗ ವರ್ಷಕ್ಕೆ 600–750ಕ್ಕೆ ಇಳಿದಿದ್ದರೂ ಅದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಸೈಕಲ್ ಸವಾರರದು, ವಯಸ್ಸಾದವರ ಸಂಖ್ಯೆ ಅದರಲ್ಲಿ ದೊಡ್ಡದು.

ವಿದ್ಯುತ್ ಸೈಕಲ್ ಬಂದ ಮೇಲೆ ಗಡಿ ಎಲ್ಲಿ ಎಳೆಯಬೇಕೆಂಬ ಪ್ರಶ್ನೆ ಮತ್ತೆ ಎದ್ದಿದೆ. ಯುರೋಪಿನ ಒಕ್ಕೂಟದಲ್ಲಿ ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ಗೆ ನಿಲ್ಲುವಂತಿದ್ದರೆ ಮಾತ್ರ ಅದು ಸೈಕಲ್; ಇಲಿಚ್ ಹೇಳಿದ ಗಡಿಗೆ ಇದು ತೀರಾ ಹತ್ತಿರ. 45 ಕಿ.ಮೀ.ವರೆಗೆ ಓಡುವ ವೇಗದ ಮಾದರಿಯನ್ನು ನೆದರ್‌ಲ್ಯಾಂಡ್ಸ್ 2017ರ ಜನವರಿಯಿಂದ ಮೊಪೆಡ್ ವರ್ಗಕ್ಕೆ ಸೇರಿಸಿದೆ. ಅದಕ್ಕೆ ನಂಬರ್ ಪ್ಲೇಟು, ಲೈಸೆನ್ಸು, ಹೆಲ್ಮೆಟ್ಟು ಕಡ್ಡಾಯ, ಮಕ್ಕಳು ಹೋಗುವ ಸಾಮಾನ್ಯ ಸೈಕಲ್ ಪಥಕ್ಕೆ ಪ್ರವೇಶವಿಲ್ಲ.