ರಕ್ಷೆ ಮತ್ತು ಸಂರಕ್ಷಣೆ

ಇಂದಿನ ಉಗಾಂಡಾದಲ್ಲಿರುವ ಬುಗಾಂಡಾ ರಾಜ್ಯದವರಿಗೆ ಕಿಬೂಕ ಎಂಬ ಯುದ್ಧದೇವತೆ ಇದ್ದ. ವಿಕ್ಟೋರಿಯಾ ಸರೋವರದ ಸೆಸ್ಸೆ ದ್ವೀಪಗಳಿಂದ ರಾಜನ ನೆರವಿಗೆ ಬಂದವನು. ಮೋಡದ ಮರೆಯಲ್ಲಿ ನಿಂತು ಶತ್ರುಗಳ ಮೇಲೆ ಬಾಣ ಬಿಡುತ್ತಿದ್ದನಂತೆ. ಸೆರೆಸಿಕ್ಕ ಹೆಂಗಸೊಬ್ಬಳಿಗೆ ಆ ಗುಟ್ಟು ತಿಳಿಯಿತು. ಅವಳು ಓಡಿಹೋಗಿ ತನ್ನವರಿಗೆ ಹೇಳಿದಳು. ಮರುದಿನ ಅವರ ಬಾಣಗಳು ಮೋಡದತ್ತಲೇ ಹಾರಿದವು. ಸತ್ತವನ ದವಡೆಯ ಮೂಳೆ, ಹೊಕ್ಕುಳಬಳ್ಳಿ ಮುಂತಾದವು ಗುಡಿ ಸೇರಿದವು, ನಾಡಿನ ರಕ್ಷೆಯಾದವು.

ರಾಜರಿಗೂ ಇದೇ ಪದ್ಧತಿ. ದೇಹ ಒಂದೆಡೆ, ದವಡೆ ಇನ್ನೊಂದೆಡೆ. ಮಣಿ ಪೋಣಿಸಿ ಸಿಂಗರಿಸಿದ ಹೊಕ್ಕುಳಬಳ್ಳಿಗೆ ಅವರ ಭಾಷೆಯಲ್ಲಿ ‘ಮುಲೊಂಗೊ’ ಎನ್ನುತ್ತಾರೆ. ಅಂದರೆ ಅವಳಿ. ರಾಜನ ಜತೆ ಹುಟ್ಟಿ, ಅವನು ಸತ್ತ ಮೇಲೂ ಉಳಿಯುವ ಅವಳಿ.

ಕಳೆದ ಶತಮಾನದ ಮೊದಲ ದಶಕದಲ್ಲಿ ಕಿಬೂಕನ ಅವಶೇಷಗಳು ಕೇಂಬ್ರಿಜ್‌ನ ಮ್ಯೂಸಿಯಂ ಸೇರಿದವು. ಒಯ್ದವನು ಜಾನ್ ರೋಸ್ಕೋ ಎಂಬ ಮಿಷನರಿ. ಲೂಟಿಯ ಕತೆ ಎಂದು ಮುಗಿಸಿಬಿಡಬಹುದಿತ್ತು. ಆದರೆ ಅವನಿಗೆ ನೆರವಾದವನು ಬುಗಾಂಡಾದ ಪ್ರಧಾನಿ ಅಪೊಲೊ ಕಗ್ಗ್ವಾ. ಕ್ರೈಸ್ತನಾಗಿದ್ದ ಕಗ್ಗ್ವಾನಿಗೆ ಅದು ಇನ್ನು ದೇವರಲ್ಲ. ಹಾಗೆಂದು ಅವನನ್ನು ಅವಿವೇಕಿ ಎನ್ನುವಂತೆಯೂ ಇಲ್ಲ. ತನ್ನ ನಾಡಿನ ರಾಜರ ಚರಿತ್ರೆಯನ್ನೂ ಆಚಾರಗಳನ್ನೂ ಕೂತು ಬರೆದಿಟ್ಟವನು ಅವನೇ. ನಂಬಿಕೆ ಬಿಟ್ಟವನೇ ಅದರ ದಾಖಲೆಗಾರನೂ ಆಗುವುದು ವಿಚಿತ್ರವೇನಲ್ಲ.

ಹಾಗಾದರೆ ನಂಬಿಕೆ ಕಳೆದುಕೊಂಡ ತಲೆಮಾರಿಗೆ ಹಿರಿಯರ ರಕ್ಷೆಯನ್ನು ಪರರಿಗೆ ಕೊಡುವ ಹಕ್ಕಿದೆಯೇ?

ಇಲ್ಲಿ ನನಗೆ ರಾಜ ಒಂದನೇ ಮುತೇಸ ನೆನಪಾಗುತ್ತಾನೆ. ತನ್ನ ದವಡೆಯನ್ನು ಬೇರ್ಪಡಿಸಕೂಡದು ಎಂದು ಹೇಳಿದ್ದವನು ಅವನು. 1884ರಲ್ಲಿ ಸತ್ತಾಗ ಅವನ ಇಡೀ ದೇಹವನ್ನು ಕಸೂಬಿಯಲ್ಲಿ ಹೂಳಿದರು. ಅದೂ ಸಂಪ್ರದಾಯ ಮುರಿದ ನಡೆಯೇ. ಆದರೆ ಮುತೇಸ ತೀರ್ಮಾನಿಸಿದ್ದು ತನ್ನ ಮೂಳೆಯ ಬಗ್ಗೆ, ಕಗ್ಗ್ವಾ ತೀರ್ಮಾನಿಸಿದ್ದು ಇನ್ನೊಬ್ಬರ ದೇವರ ಬಗ್ಗೆ. ಕಿಬೂಕನನ್ನು ಇನ್ನೂ ನಂಬುತ್ತಿದ್ದವರು ಆಗಲೂ ಇದ್ದರು. ಅವರ ಕೈಯಲ್ಲಿ ಅಧಿಕಾರ ಇರಲಿಲ್ಲ. ರಾಜ ದಾವುದಿ ಚ್ವಾ ಇನ್ನೂ ಹುಡುಗ. ಅವನ ಹೆಸರಲ್ಲಿ ಆಳುತ್ತಿದ್ದವರಲ್ಲಿ ಕಗ್ಗ್ವಾನೂ ಒಬ್ಬ. ‘ಅವರೇ ಕೊಟ್ಟರು’ ಎಂಬ ಮಾತಿನಲ್ಲಿ ‘ಅವರು’ ಯಾರು ಎಂದು ಕೇಳದಿದ್ದರೆ ಮ್ಯೂಸಿಯಂಗಳಿಗೆ ಬಹಳ ಅನುಕೂಲ.

1962ರಲ್ಲಿ, ಉಗಾಂಡಾ ಸ್ವತಂತ್ರವಾದ ವರ್ಷ, ಕಿಬೂಕ ಮರಳಿ ಬಂದ. ಗುಡಿಗಲ್ಲ, ಕಂಪಾಲದ ಉಗಾಂಡಾ ಮ್ಯೂಸಿಯಂಗೆ. 2024ರಲ್ಲಿ ಅದೇ ಕೇಂಬ್ರಿಜ್‌ನಿಂದ ಇನ್ನೂ 39 ವಸ್ತುಗಳು ಬಂದವು, ಎರವಲಾಗಿ. ತಮ್ಮದನ್ನೇ ಎರವಲು ತರುವುದು!

ಕನ್ನಡದಲ್ಲಿ ತಾಯಿತಕ್ಕೂ ರಕ್ಷೆ ಎನ್ನುತ್ತೇವೆ. ಮ್ಯೂಸಿಯಂ ಮಾಡುವ ಕೆಲಸಕ್ಕೆ ಸಂರಕ್ಷಣೆ ಎನ್ನುತ್ತೇವೆ. ಕಾಯುವ ವಸ್ತುವನ್ನೇ ಈಗ ದೂಳಿನಿಂದ, ಹುಳುಗಳಿಂದ ಕಾಯಬೇಕು. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಗುಡಿಯಲ್ಲೂ ಯಾರೋ ದೂಳು ಒರೆಸುತ್ತಲೇ ಇದ್ದರು. ಆದರೆ ಒರೆಸಿದ ಮೇಲೆ ಅವರು ಅವನನ್ನು ಏನಾದರೂ ಕೇಳುತ್ತಿದ್ದರು, ಉತ್ತರಕ್ಕೆ ಕಾಯುತ್ತಿದ್ದರು.