ಒಲ್ಲೆನೋ, ಒಗ್ಗದೋ?

ಎಲೆಯ ಮುಂದೆ ಕುಳಿತು ಒಂದು ಪದಾರ್ಥವನ್ನು ಬೇಡವೆನ್ನಲು ನಮ್ಮಲ್ಲಿ ಎರಡು ಮಾತುಗಳುಂಟು. ಒಂದು 'ಒಲ್ಲೆ', ಇನ್ನೊಂದು 'ಒಗ್ಗದು'. ಮೊದಲನೆಯದು ಮನಸ್ಸಿನ ಮಾತು, ಎರಡನೆಯದು ದೇಹದ ಮಾತು. ಒಲ್ಲೆನೆಂದವನಿಗೆ 'ಒಂದೇ ಒಂದು ಚೂರು' ಎಂದು ಬಲವಂತ ಮಾಡುವುದು ಬಡಿಸುವವರ ಹಕ್ಕು. ಒಗ್ಗದೆಂದವನ ಎಲೆಯಿಂದ ಸೌಟು ಹಿಂದೆ ಸರಿಯಬೇಕು. ಈಚೆಗೆ ಈ ಎರಡು ಮಾತುಗಳೂ ಕಲಸಿಹೋಗುತ್ತಿವೆಯೆಂಬುದೇ ನನ್ನ ಚಿಂತೆ.

ಕಲಸಿದ್ದು 'ಗ್ಲುಟೆನ್' ಎಂಬ ಶಬ್ದ. ಹೊಸದು ಶಬ್ದವೇ ಹೊರತು ವಸ್ತುವಲ್ಲ. ಗೋಧಿಹಿಟ್ಟು ನಾದಿದಾಗ ಕಣಕಕ್ಕೆ ಬರುವ ಜಿಗುಟು, ಹೋಳಿಗೆ ಹರಿಯದಂತೆ ಹಿಡಿದಿಡುವ ಗುಣ, ಅದರಿಂದಲೇ ಬಂದದ್ದು. ಗೋಧಿ, ಜವೆಗೋಧಿ, ರೈ ಧಾನ್ಯಗಳಲ್ಲಿ ಅದುಂಟು. ಜೋಳ, ಸಜ್ಜೆ, ಅಕ್ಕಿಗಳಲ್ಲಿ ಇಲ್ಲ. ಜೋಳದ ಹಿಟ್ಟಿಗೆ ಎಸರು ಹೊಯ್ದು, ಲಟ್ಟಿಸುವ ಬದಲು ಅಂಗೈಯಿಂದ ಬಡಿಯುವುದು ಆ ಅಂಟು ಇಲ್ಲದ ಕಾರಣಕ್ಕೇ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಸೀಮೆಯಲ್ಲಿ ಹಿಂದೆಲ್ಲ ದಿನದ ಊಟಕ್ಕೆ ಜೋಳದ ರೊಟ್ಟಿ. ಗೋಧಿ ಹಬ್ಬಕ್ಕೆ, ಬೀಗರಿಗೆ. ರೊಟ್ಟಿಯನ್ನು ಬಡವರ ಊಟವೆಂದು ಬಿಟ್ಟು ಚಪಾತಿಗೆ ಏರಿದ ಮನೆಗಳ ಮೊಮ್ಮಕ್ಕಳು ಇಂದು ಪುಣೆ, ಬೆಂಗಳೂರುಗಳಲ್ಲಿ 'ಗ್ಲುಟೆನ್‌ರಹಿತ' ಎಂಬ ಮುದ್ರೆಗೆ ಹೆಚ್ಚಿನ ಬೆಲೆ ತೆತ್ತು ಅದೇ ಜೋಳದ ಹಿಟ್ಟನ್ನು ತರುತ್ತಾರೆ. ಇದರಲ್ಲಿ ನಗುವುದಕ್ಕೆ ಎಡೆಯುಂಟು, ಸಿಟ್ಟಾಗುವುದಕ್ಕಿಲ್ಲ. ರೊಟ್ಟಿ ತಿಂದು ಕೆಟ್ಟವರಾರು?

ಆದರೆ ಕೆಲವರಿಗೆ ಇದು ಮುದ್ರೆಯ ಮಾತಲ್ಲ. 'ಸೀಲಿಯಾಕ್' ಎಂಬ ರೋಗವುಳ್ಳವರ ದೇಹ ಗ್ಲುಟೆನ್ ಕಂಡೊಡನೆ ತನ್ನ ಸಣ್ಣ ಕರುಳನ್ನೇ ಶತ್ರುವೆಂದು ಬಗೆದು ಹೊಡೆಯುತ್ತದೆ. ಉಂಡದ್ದು ಮೈಗೆ ಹತ್ತುವುದಿಲ್ಲ. ರಕ್ತ ಕುಂದುತ್ತದೆ, ಮಕ್ಕಳ ಬೆಳವಣಿಗೆ ನಿಲ್ಲುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ಹಾಲೆಂಡಿನಲ್ಲಿ ಕ್ಷಾಮ ಬಿದ್ದು ಬ್ರೆಡ್ಡೇ ಸಿಗದಾಯಿತು. ಊರಿಗೂರೇ ಸೊರಗುತ್ತಿರುವಾಗ ಈ ರೋಗದ ಮಕ್ಕಳು ಚೇತರಿಸಿಕೊಂಡರು. ಗೋಧಿಯ ಮೇಲೆ ಮೊದಲಿನಿಂದಲೂ ಸಂಶಯವಿದ್ದ ವಿಲೆಮ್ ಡಿಕೆ ಎಂಬ ಮಕ್ಕಳ ವೈದ್ಯರು 1950ರ ತಮ್ಮ ಪ್ರಬಂಧದಲ್ಲಿ ಅದನ್ನು ಸ್ಥಾಪಿಸಿದರು. ಇಂದಿಗೂ ಇದಕ್ಕೆ ಮದ್ದೆಂದರೆ ಜೀವನಪೂರ್ತಿ ಪಥ್ಯ ಒಂದೇ.

ಆ ಪಥ್ಯ ಚಪಾತಿ ಬಿಟ್ಟರೆ ಮುಗಿಯುವುದಿಲ್ಲ. ಅಂಗಡಿಯ ಪುಡಿ ಇಂಗಿನಲ್ಲಿ ಅನೇಕ ವೇಳೆ ಗೋಧಿಹಿಟ್ಟು ಬೆರೆತಿರುತ್ತದೆ. ಗಿರಣಿಯಲ್ಲಿ ಒಬ್ಬರ ಗೋಧಿ ಬೀಸಿದ ಬೆನ್ನಿಗೇ ಇನ್ನೊಬ್ಬರ ಜೋಳ ಬಿದ್ದರೆ, ಆ ಜೋಳವೂ ಕೆಟ್ಟಿತು. ನಮ್ಮ ದೇಶದ ನಿಯಮದಂತೆ 'ಗ್ಲುಟೆನ್‌ರಹಿತ' ಎನ್ನಿಸಿಕೊಳ್ಳಲು ಕಿಲೋ ಒಂದಕ್ಕೆ 20 ಮಿಲಿಗ್ರಾಂ ಮೀರಕೂಡದು. ಅಷ್ಟು ಸೂಕ್ಷ್ಮದ ವ್ಯವಹಾರವಿದು.

ಈಗ ಒಂದು ಮದುವೆಯ ಪಂಕ್ತಿಯನ್ನು ನೆನೆಯೋಣ. ಗೋಧಿ ಹುಗ್ಗಿ ಬರುತ್ತಿದೆ. ಒಬ್ಬರು 'ಗ್ಲುಟೆನ್ ನನಗಾಗದು' ಎಂದು ಗಂಭೀರವಾಗಿ ಕೈ ಅಡ್ಡ ಹಿಡಿದು, ಗಳಿಗೆ ಕಳೆದ ಮೇಲೆ 'ಇವತ್ತೊಂದಿನ ಇರಲಿ' ಎಂದು ಎರಡು ಸೌಟು ಹಾಕಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಹೊಸದಾಗಿ ಬಂದ ಸೊಸೆ. ಅವಳಿಗೆ ನಿಜವಾದ ರೋಗ. ಅವಳೂ ಅದೇ ಮಾತನ್ನೇ ಹೇಳುತ್ತಾಳೆ. ಬಡಿಸುವ ಅತ್ತೆ ಯಾರನ್ನು ನೋಡಿ ಯಾವ ಪಾಠ ಕಲಿತಿರುತ್ತಾರೆ? ಈ ರೋಗ ಉತ್ತರ ಭಾರತದಲ್ಲಿ ನೂರಕ್ಕೆ ಸುಮಾರು ಒಬ್ಬರಲ್ಲಿ. ದಕ್ಷಿಣದಲ್ಲಿ ಇನ್ನೂ ವಿರಳ. ವಿರಳವಾದ್ದರಿಂದಲೇ ಆ ಹುಡುಗಿಗೆ ತನ್ನ ಮಾತಲ್ಲದೆ ಬೇರೆ ಸಾಕ್ಷಿಯಿಲ್ಲ. ಆ ಮಾತಿನ ಬೆಲೆಯನ್ನು ಪಕ್ಕದವರು ಆಗಲೇ ಖರ್ಚುಮಾಡಿಬಿಟ್ಟಿದ್ದಾರೆ.

ನಮ್ಮ ಹಿರಿಯರು ವ್ರತವೇ ಬೇರೆ, ಪಥ್ಯವೇ ಬೇರೆ ಎಂದು ತಿಳಿದಿದ್ದರು. ವ್ರತ ಹಿಡಿದದ್ದು ನಾವು, ಮುರಿದರೆ ಪ್ರಾಯಶ್ಚಿತ್ತವುಂಟು. ಪಥ್ಯ ನಮ್ಮನ್ನು ಹಿಡಿದದ್ದು. ಮುರಿದರೆ ಕರುಳು ಕ್ಷಮಿಸುವುದಿಲ್ಲ. ಗೋಧಿ ಬಿಟ್ಟು ಹಗುರವೆನಿಸಿದರೆ ಬಿಡಲಿ, ಅದು ಅವರವರ ಇಷ್ಟ. ಆದರೆ ವ್ರತವನ್ನು ಪಥ್ಯವೆಂದು ಕರೆಯುವುದು, ಊರುಗೋಲನ್ನು ಶೋಕಿಗೆ ಹಿಡಿದು ಕುಂಟನ ಜಾಗದಲ್ಲಿ ಕುಳಿತಂತೆ.

ಸೀಲಿಯಾಕ್ ಇಲ್ಲದೆಯೂ ಗೋಧಿ ನಿಜವಾಗಿ ಒಗ್ಗದ ಜನರಿದ್ದಾರೆ. ಅವರನ್ನು ಹಂಗಿಸುವುದು ನನ್ನ ಉದ್ದೇಶವಲ್ಲ. ಅಂಥವರು ಗೋಧಿ ಬಿಡುವ ಮುನ್ನವೇ ಮಿರಜಿಗೋ ಬೆಳಗಾವಿಗೋ ಹೋಗಿ ಪರೀಕ್ಷೆ ಮಾಡಿಸಿಕೊಳ್ಳಲಿ. ಬಿಟ್ಟ ಮೇಲೆ ರಕ್ತಪರೀಕ್ಷೆಯಲ್ಲಿ ರೋಗವಿದ್ದರೂ ಕಾಣದೆ ಹೋಗಬಹುದು. ಶೋಕಿಯವರಿಂದ ಒಂದು ಉಪಕಾರವೂ ಆಗಿದೆ: ಅಂಗಡಿಗಳಲ್ಲಿ ಮುದ್ರೆಯುಳ್ಳ ಹಿಟ್ಟು ಸಿಗುವುದಕ್ಕೆ ಅವರ ಗಿರಾಕಿಯೂ ಕಾರಣ.

ನಾನು ಕೇಳುವುದು ಇಷ್ಟೇ. ಬೇಡವಾದವರು 'ಒಲ್ಲೆ' ಎನ್ನಲಿ. ಅದು ನಾಚಿಕೆಯ ಮಾತಲ್ಲ. 'ಒಗ್ಗದು' ಎಂಬುದನ್ನು ಅಗತ್ಯವಿದ್ದವರಿಗೆ ಬಿಡಲಿ. ಬಡಿಸುವವರು ಮಾತ್ರ ಆ ಮಾತು ಯಾರ ಬಾಯಿಂದ ಬಂದರೂ ನಂಬಲಿ. ನೂರು ಜನ ಸುಳ್ಳಾಡಿದ್ದರೂ ಆ ಸೊಸೆಯ ಎಲೆಗೆ ಹುಗ್ಗಿ ಬೀಳಬಾರದು.